ತಳವಾರನಿಗೊಂದು ಕಲ್ಲು

ಒಂದಾನೊಂದು ಕಾಲದಲ್ಲಿ, ಕರಿಮಣ್ಣಿನ ಬಯಲಲ್ಲಿ ಒಂದು ಊರಿತ್ತಂತೆ. ಎಷ್ಟು ದೂರ ಅಂತ ಕೇಳಬೇಡಿ. ನಮ್ಮಜ್ಜಿ ಕೇಳಿದ್ದು ಅವಳ ಅಜ್ಜಿಯಿಂದ, ಆ ಅಜ್ಜಿಯೂ ಅಲ್ಲಿಗೆ ಹೋದವಳಲ್ಲ. ಊರ ಹೆಸರು ಹರವಿಹಾಳ. ಏಳು ಓಣಿ, ಓಣಿಗೆ ಹತ್ತು ಮನೆ, ಸುತ್ತಲೂ ಮಣ್ಣಿನ ಗೋಡೆ. ಒಳಗೆ ಬರೋದಕ್ಕೂ ಹೊರಗೆ ಹೋಗೋದಕ್ಕೂ ಒಂದೇ ಅಗಸೆ ಬಾಗಿಲು.

ಆ ಬಾಗಿಲ ಪಕ್ಕ ಒಂದು ಕಟ್ಟೆ, ಕಟ್ಟೆಯ ಮೇಲೆ ಅಗಲ ಬಾಯಿಯ ಒಂದು ಮಣ್ಣಿನ ಹರವಿ, ಹರವಿಯ ಪಕ್ಕ ಊರು ಕಾಯುವ ತಳವಾರ ಬರಮಪ್ಪ. ಅವನಿಗೆ ಕಣ್ಣು ಮಂಜು, ಮಂಡಿ ನೋವು, ಗಡ್ಡ ಪೂರಾ ಬಿಳುಪು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಅವಳು ಬಾಳಿದ, ಅವಳು ಕಣ್ಣು ಮುಚ್ಚಿದ ಗುಡಿಸಲು ಅಗಸೆಗೆ ಆತುಕೊಂಡೇ ಇತ್ತು. ಅವನಿಗಿದ್ದ ಆಸ್ತಿ ಅದೊಂದೇ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ, ಬೇರೆ ಎಲ್ಲೂ ಇಲ್ಲದ್ದು. ಕೂಸಿಗೆ ಹೆಸರಿಡುವ ದಿನ ಹಳ್ಳದಿಂದ ಒಂದು ಸಣ್ಣ ಕಲ್ಲು ಆರಿಸಿ ತರೋರು. ಅದು ಆ ಕೂಸಿನ ಕಲ್ಲು. ಸೊಸೆಯಾಗಿ ಬಂದವಳು ತವರಿನ ಹಳ್ಳದ ಕಲ್ಲನ್ನು ಸೆರಗಿನ ಗಂಟಲ್ಲಿ ಕಟ್ಟಿಕೊಂಡು ಬರೋಳು. ಬೆಳಿಗ್ಗೆ ಹೊಲಕ್ಕೋ, ಕಟ್ಟಿಗೆಗೋ, ಸಂತೆಗೋ ಹೊರಟವರು ತಮ್ಮ ಕಲ್ಲನ್ನು ಹರವಿಗೆ ಹಾಕಿ ಅಗಸೆ ದಾಟಬೇಕು. ತಿರುಗಿ ಬಂದಾಗ ತಮ್ಮ ಕಲ್ಲು ತಾವು ತೆಗೆದುಕೊಂಡು ಮನೆಗೆ ಹೋಗಬೇಕು. ದೀಪ ಹಚ್ಚುವ ಹೊತ್ತಿಗೆ ಬರಮಪ್ಪ ಹರವಿಯೊಳಗೆ ಕೈ ಆಡಿಸೋನು. ಖಾಲಿ ಇದ್ದರೆ ಊರು ಪೂರಾ ಮನೆ ಸೇರಿದೆ ಅಂತ ಅರ್ಥ. ಒಂದೇ ಒಂದು ಕಲ್ಲು ಉಳಿದಿದ್ದರೂ ಕೋಲು ಹಿಡಿದು ಎದ್ದೇಬಿಡೋನು.

ಕಣ್ಣು ಮಂಜಾದರೂ ಅವನ ಬೆರಳಿಗೆ ಎಲ್ಲಾ ಕಲ್ಲು ಗೊತ್ತು. ಬೆಣ್ಣೆಯಷ್ಟು ನುಣುಪಾಗಿದ್ದದ್ದು ಗೌಡನ ತಾಯಿಯದು, ಮೂಲೆ ಮುರಿದದ್ದು ಕುಂಬಾರ ಸೋಮವ್ವನದು. ಉಳಿದ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಬಯಲಿಗಿಳಿದು, ಆ ಹೆಸರು ಹಿಡಿದು ಕೂಗುತ್ತಾ ಹೋಗೋನಂತೆ. ಎಮ್ಮೆ ತಪ್ಪಿಸಿಕೊಂಡವರು, ಕಾಲು ಉಳುಕಿಸಿಕೊಂಡವರು, ಗಂಡನ ಮೇಲೆ ಮುನಿಸಿಕೊಂಡು ಬಾವಿ ದಂಡೆಯಲ್ಲಿ ಕೂತವರು, ಎಲ್ಲರೂ ಆ ಕೂಗಿಗೆ ಓ ಅಂದು ಮನೆಗೆ ಬಂದವರೇ. ಅವನು ಹುಡುಕದೇ ಬಿಟ್ಟವರು ಒಬ್ಬರೂ ಇಲ್ಲ.

ಹೀಗಿರುವಾಗ ದೂರದ ರಾಜಧಾನಿಯಲ್ಲಿ ರಾಜ ಮಂತ್ರಿಯನ್ನು ಕೇಳಿದನಂತೆ, "ನಮ್ಮ ನಾಡಲ್ಲಿ ಕಳ್ಳತನ ಆಗದ ಊರು ಯಾವುದು?"

"ಹರವಿಹಾಳ, ಪ್ರಭು. ಹನ್ನೆರಡು ವರ್ಷ ಆಯ್ತು, ಒಂದು ಸೂಜಿನೂ ಕಳುವಾಗಿಲ್ಲ. ಕಾಯೋನು ಕಣ್ಣು ಮಂಜಾದ ಒಬ್ಬ ಮುದುಕ ತಳವಾರ."

ಬೇರೆಯವರಾಗಿದ್ದರೆ ಖುಷಿಪಡೋರು. ರಾಜರ ಬುದ್ಧಿ ಬೇರೆ ನೋಡಿ, ಈ ರಾಜನಿಗೆ ಸಂಶಯ ಬಂತು. ಕಳ್ಳರೇ ಇಲ್ಲದ ಊರಿಗೆ ತಳವಾರ ಯಾಕೆ? ಅದೂ ಕಣ್ಣು ಕಾಣದವನು? ಕೊತವಾಲನನ್ನು ಕರೆದು ಹೇಳಿದ, "ಹನ್ನೆರಡು ಸಿಪಾಯಿಗಳನ್ನ ಕರಕೊಂಡು ಹೋಗು. ಮೂರು ದಿನ ನೋಡು. ಆ ಮುದುಕನಿಂದ ಉಪಯೋಗ ಇದ್ದರೆ ಇರಲಿ. ಇಲ್ಲದಿದ್ದರೆ ಗುಡಿಸಲು ಕಿತ್ತು ಕಳಿಸಿಬಿಡು."

ಕೊತವಾಲ ಬಂದ. ಏನು ಮೀಸೆ, ಏನು ಠೀವಿ! ಮೀಸೆ ಮೊದಲು ಅಗಸೆ ದಾಟಿತು, ಆಮೇಲೆ ಅವನು ದಾಟಿದ ಅಂತ ಸೋಮವ್ವ ಹೇಳಿ ನಕ್ಕಳಂತೆ. ಅವಳ ನಗು ಬಹಳ ಹೊತ್ತು ಉಳಿಯಲಿಲ್ಲ.

"ಎಷ್ಟು ಕಳ್ಳರನ್ನ ಹಿಡಿದೀಯಪ್ಪ ಇಲ್ಲೀತನಕ?" ಕೊತವಾಲ ಕೇಳಿದ.

"ಒಬ್ಬರನ್ನೂ ಇಲ್ರಿ," ಅಂದ ಬರಮಪ್ಪ.

"ಈ ಹರವಿಯೊಳಗೆ ಏನಿದೆ?"

"ಊರ ಮಂದಿ ಅದಾರ್ರಿ."

ಸಿಪಾಯಿಗಳು ಗೊಳ್ಳೆಂದು ನಕ್ಕರು. ಕೊತವಾಲ ಬಗ್ಗಿ ನೋಡಿದ, ಬರೀ ಕಲ್ಲು. ಕಾಲೆತ್ತಿ ಒಂದು ಒದೆ ಕೊಟ್ಟ. ಹರವಿ ಕಟ್ಟೆಯಿಂದ ಬಿದ್ದು ಏಳು ಚೂರಾಯಿತು, ಕಲ್ಲೆಲ್ಲ ದಾರಿಯ ಧೂಳಲ್ಲಿ ಚೆಲ್ಲಿಹೋದವು.

ಬರಮಪ್ಪ ಕಟ್ಟೆಯಿಂದ ಇಳಿದನಂತೆ. ನೋಯುವ ಮಂಡಿಯೂರಿ ಧೂಳನ್ನು ತಡವಿ ತಡವಿ ಒಂದೊಂದೇ ಕಲ್ಲು ಹೆಕ್ಕಿದ. ಹೆಕ್ಕಿದ್ದಕ್ಕೆಲ್ಲ ಒಂದೊಂದು ಹೆಸರು ಹೇಳುತ್ತಾ ಧೋತರದ ಉಡಿಯಲ್ಲಿ ಹಾಕಿಕೊಂಡ. ಸೋಮವ್ವ ಓಡಿ ಬಂದು ಅವನ ಜೊತೆ ಕೂತಳು. ಹರವಿ ಮಾಡಿದ್ದು ಅವಳದೇ ಕೈ. ಆದರೆ ಅವಳು ಅತ್ತದ್ದು ಹರವಿಗಾಗಿ ಅಲ್ಲ, ಮುದುಕ ಧೂಳಲ್ಲಿ ತಡವುವುದು ಕಂಡು ಅತ್ತಳು.

"ಇವತ್ತಿಂದ ಅಗಸೆ ನನ್ನದು," ಅಂದ ಕೊತವಾಲ. "ಮೂರನೇ ದಿನ ಮುಗಿಯೋದರೊಳಗೆ ನಿನ್ನ ಗುಡಿಸಲು ಖಾಲಿ ಮಾಡು."

ಅಗಸೆ ಹೋಯಿತು, ಕಟ್ಟೆ ಹೋಯಿತು. ಆದರೆ ಅಗಸೆಯ ಹೊರಗಿನ ಬೇವಿನ ಮರದ ಬಗ್ಗೆ ಕೊತವಾಲ ಏನೂ ಹೇಳಿರಲಿಲ್ಲವಲ್ಲ! ಮರುದಿನ ಬೆಳಗಾಗುತ್ತಲೇ ಬರಮಪ್ಪ ಆ ಮರದ ಕೆಳಗೆ ಉಡಿ ಹರಡಿಕೊಂಡು ಕೂತ. ಹೊಲಕ್ಕೆ ಹೊರಟವರು ಅವನ ಮುಂದೆ ಸ್ವಲ್ಪ ಬಗ್ಗೋರು, ಕಲ್ಲು ಉಡಿಗೆ ಹಾಕೋರು, ಸುಮ್ಮನೆ ಮುಂದೆ ಹೋಗೋರು. ಪಾಪ, ಮುದುಕನಿಗೆ ಜನ ಕಡಲೆ ಕೊಡ್ತಾ ಇದ್ದಾರೆ ಅಂದುಕೊಂಡರಂತೆ ಸಿಪಾಯಿಗಳು.

ಎರಡನೇ ದಿನ ಹಾಗೆ ಕಳೆಯಿತು. ಸಿಪಾಯಿಗಳು ಒಳಗೆ ಬಂದವರ ಬುಟ್ಟಿ ಬಿಚ್ಚಿಸಿದರು, ಹುಲ್ಲಿನ ಹೊರೆಗೆ ಈಟಿ ಚುಚ್ಚಿದರು, ಸೋಮವ್ವನ ಗಡಿಗೆಗಳಿಗೆಲ್ಲ ಕೈ ಹಾಕಿ ನೋಡಿದರು. ಯಾರು ಬಂದರು ಅಂತ ನೋಡಲು ಹನ್ನೆರಡು ಜನ. ಯಾರು ಬರಲಿಲ್ಲ ಅಂತ ನೋಡಲು ಮರದ ಕೆಳಗೆ ಒಬ್ಬನೇ.

ಮೂರನೇ ದಿನ ಕೊತವಾಲನಿಗೆ ಚಡಪಡಿಕೆ ಹತ್ತಿತು. ಒಬ್ಬ ಕಳ್ಳನೂ ಸಿಗಲಿಲ್ಲವಲ್ಲ, ರಾಜನಿಗೆ ಏನು ಹೇಳಲಿ? ಊರಾಚೆ ಒಂದು ಹಾಳೂರಿತ್ತು, ಹಿಂದೆ ಯಾವಾಗಲೋ ಜನ ಬಿಟ್ಟುಹೋದದ್ದು. ಕಳ್ಳರು ಇದ್ದರೆ ಅಲ್ಲೇ ಇರಬೇಕು ಅಂತ ಅವನ ತಲೆಗೆ ಹೊಳೆಯಿತು. ಹಿಡಿದ ಹೆಸರು ತನ್ನೊಬ್ಬನಿಗೇ ಬರಲಿ ಅಂತ ಸಿಪಾಯಿಗಳಿಗೂ ಹೇಳದೆ, ಅವರು ಊಟಕ್ಕೆ ಕೂತ ಹೊತ್ತು ನೋಡಿ, ಮಧ್ಯಾಹ್ನ ಒಬ್ಬನೇ ಹೊರಟ.

"ಯಾವ ಕಡೆ ಹೊಂಟ್ರಿ ಸಾಹೇಬ್ರ?" ಬೇವಿನ ಮರದ ಕೆಳಗಿಂದ ಬರಮಪ್ಪ ಕೇಳಿದ.

"ನಿನಗ್ಯಾಕೆ?"

"ಹಾಳೂರ ಕಡೆ ಆದರ ಹುಷಾರ್ರಿ. ಅಲ್ಲಿ ಹಳೇ ಹಗೇವು ಅದಾವ, ಜೋಳ ತುಂಬೋ ನೆಲಗುಂಡಿ. ಬಾಯಿ ಮ್ಯಾಲ ಹುಲ್ಲು ಬೆಳದೈತಿ, ಕಾಣೂದಿಲ್ಲ."

"ಕಣ್ಣಿದ್ದವರಿಗೆ ಕಾಣ್ತದೆ," ಅಂತ ಹೇಳಿ ಕೊತವಾಲ ಮೀಸೆ ತಿರುವಿ ನಡೆದ.

ಅವನ ಕಾಲಿಗೆ ಸಿಕ್ಕಿ ದಾರಿಯ ಒಂದು ಕಲ್ಲು ಉರುಳಿ ಬಂತು. ಬರಮಪ್ಪ ಅದನ್ನು ತಡವಿ ತೆಗೆದುಕೊಂಡ. ಒರಟು ಕಲ್ಲು, ಯಾರ ಕೈಯಲ್ಲೂ ಸವೆದದ್ದಲ್ಲ. ಒಂದು ಗಳಿಗೆ ಯೋಚಿಸಿ ಉಡಿಯಲ್ಲಿ ಹಾಕಿಕೊಂಡ.

ಆಮೇಲೆ ಏನಾಯಿತು ಅಂತ ನೀವೇ ಹೇಳುತ್ತೀರಿ. ಹೌದು, ಬಿದ್ದ. ಹುಲ್ಲಿನ ಮೇಲೆ ಕಾಲಿಟ್ಟ, ಹುಲ್ಲಿನ ಕೆಳಗೆ ನೆಲ ಇರಲಿಲ್ಲ. ಎರಡಾಳು ಆಳದ ಹಗೇವು, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಹತ್ತಲು ಹಿಡಿತವಿಲ್ಲ. ಕೂತರೆ ತಳದ ಕೆಟ್ಟ ಗಾಳಿಗೆ ತಲೆ ತಿರುಗುತ್ತದೆ, ನಿಂತರೆ ಉಳುಕಿದ ಕಾಲು ಉರಿಯುತ್ತದೆ. ಕೂಗಿದ, ಕೂಗಿದ, ಗಂಟಲು ಕಟ್ಟುವ ತನಕ ಕೂಗಿದ.

ಆಮೇಲೆ ಸುಮ್ಮನೆ ನಿಂತು ಯೋಚಿಸಿದನಂತೆ. ಯಾರು ಬರುತ್ತಾರೆ? ಸಿಪಾಯಿಗಳು ನಾನು ಗೌಡನ ಮನೆಯಲ್ಲಿ ಊಟಕ್ಕೆ ಕೂತಿದ್ದೇನೆ ಅಂದುಕೊಂಡಿರುತ್ತಾರೆ. ಗೌಡ ನಾನು ಸಿಪಾಯಿಗಳ ಜೊತೆ ಇದ್ದೇನೆ ಅಂದುಕೊಂಡಿರುತ್ತಾನೆ. ರಾಜನಿಗೆ ನನ್ನ ನೆನಪಾಗಲು ಹದಿನೈದು ದಿನ ಬೇಕು. ದೂರದ ಊರಲ್ಲಿ ಅವ್ವ ಇದ್ದಾಳೆ, ಮೂರು ವರ್ಷದಿಂದ ಅವಳನ್ನು ನೋಡಲು ಹೋಗಿಲ್ಲ, ನಾನು ಬರದಿರುವುದು ಅವಳಿಗೆ ಅಭ್ಯಾಸವಾಗಿ ಹೋಗಿದೆ. ಇಷ್ಟು ದೊಡ್ಡ ನಾಡಿನಲ್ಲಿ ಇವನೊಬ್ಬ ಇವತ್ತು ಬರಲಿಲ್ಲವಲ್ಲ ಅಂತ ಕೇಳುವವರು ಯಾರೂ ಇಲ್ಲ. ಅದು ಗೊತ್ತಾದಾಗ ಅಂಥ ಮೀಸೆಯ ಗಂಡಸು ಮಗುವಿನ ಹಾಗೆ ಅತ್ತನಂತೆ.

ಇತ್ತ ಹೊತ್ತು ಇಳಿಯಿತು. ಎಮ್ಮೆ ಬಂದವು, ಹೊರೆ ಹೊತ್ತವರು ಬಂದರು. ಒಬ್ಬೊಬ್ಬರೇ ಬರಮಪ್ಪನ ಉಡಿಯಿಂದ ತಮ್ಮ ಕಲ್ಲು ತೆಗೆದುಕೊಂಡರು. ಕೊನೆಗೆ ಸೋಮವ್ವ ಮೂಲೆ ಮುರಿದ ಕಲ್ಲು ಎತ್ತಿಕೊಂಡಳು. ನೋಡಿದರೆ ಇನ್ನೂ ಒಂದು ಉಳಿದಿತ್ತು.

"ಇದ್ಯಾರದು ಮಾವ? ಈ ಕಲ್ಲು ನಾ ಯಾವತ್ತೂ ಕಂಡಿಲ್ಲ."

"ಕೊತವಾಲಂದು."

ಸೋಮವ್ವನ ಮುಖ ಕೆಂಪಾಯಿತು. "ಹರವಿ ಒದ್ದವನಿಗೂ ಕಲ್ಲು ಇಟ್ಟಿಯಾ? ನಾಳೆ ನಿನ್ನ ಗುಡಿಸಲು ಕೀಳಾಂವ ಅಂವ. ಅಲ್ಲೇ ಇರಲಿ ಬಿಡು."

"ಅಗಸಿ ದಾಟಿ ಹಾಳೂರ ಕಡೆ ಹೋಗ್ಯಾನವ್ವಾ. ಬಂದಿಲ್ಲ," ಅಂದ ಬರಮಪ್ಪ. ಅಷ್ಟೇ ಅಂದದ್ದು. ಕೋಲು ಹಿಡಿದು ಎದ್ದ.

ಸೋಮವ್ವ ಸಿಟ್ಟಿನಲ್ಲೇ ಮನೆಗೆ ಹೋದಳು. ಒಲೆ ಹೊತ್ತಿಸಲು ಕೂತವಳ ಕೈ ಅಲ್ಲೇ ನಿಂತುಬಿಟ್ಟಿತು. ಕಣ್ಣು ಕಾಣದ ಮುದುಕ, ಹಾಳೂರು, ಹಗೇವು. ಅವನೇ ಬರದಿದ್ದರೆ? ಅವನು ಬರಲಿಲ್ಲ ಅಂತ ಯಾರಿಗೆ ಗೊತ್ತಾಗುತ್ತದೆ? ಅವನ ಕಲ್ಲು ಎಲ್ಲಿದೆ? ನೆನಪು ಮಾಡಿಕೊಂಡಳು, ಮಾಡಿಕೊಂಡಳು. ಬರಮಪ್ಪನಿಗೆ ಕಲ್ಲೇ ಇರಲಿಲ್ಲ! ತಳವಾರನ ಮಗನಾಗಿ ಹುಟ್ಟಿದವನು, ಹರವಿಯ ಪಕ್ಕದಲ್ಲೇ ಕೂರುವವನು, ಅವನಿಗೇಕೆ ಕಲ್ಲು ಅಂತ ಊರಿಗೆ ಊರೇ ಸುಮ್ಮನಿದ್ದುಬಿಟ್ಟಿತ್ತು.

ಅವಳು ಬೀದಿಗೆ ಬಂದು ಎದೆ ಬಡಿದುಕೊಂಡು ಕೂಗಿದಳಂತೆ, "ಏಳ್ರೋ, ಹೊರಗ ಬರ್ರೋ! ನಮ್ಮನ್ನೆಲ್ಲ ಹುಡುಕಿದಾವನ್ನ ಹುಡುಕಾಕ ಯಾರೂ ಇಲ್ಲ!" ಏಳು ಓಣಿಯ ಜನ ಹೊರಗೆ ಬಂದರು. ಬಾವಿ ಹಗ್ಗ ಹಿಡಿದರು, ಪಂಜು ಹಿಡಿದರು. ಅಗಸೆಯಲ್ಲಿ ಸಿಪಾಯಿಗಳು ಈಟಿ ಅಡ್ಡ ಹಿಡಿದರು.

"ನಿಮ್ಮ ಯಜಮಾನ ಎಲ್ಲಿ?" ಅಂತ ಸೋಮವ್ವ ಕೇಳಿದಳು.

ಸಿಪಾಯಿಗಳು ಗೌಡನ ಮುಖ ನೋಡಿದರು, ಗೌಡ ಸಿಪಾಯಿಗಳ ಮುಖ ನೋಡಿದ. ಈಟಿ ಕೆಳಗಿಳಿಯಿತು.

ಹಾಳೂರಲ್ಲಿ ಬರಮಪ್ಪ ಕೋಲಿನಿಂದ ಮುಂದಿನ ನೆಲ ತಟ್ಟುತ್ತಾ, ಒಂದೊಂದೇ ಹಗೇವಿನ ಬಾಯಿಗೆ ಮಲಗಿ ಕಿವಿಗೊಟ್ಟು ಕೇಳುತ್ತಿದ್ದ. ಒಂದರಲ್ಲಿ ಇಲ್ಲ, ಎರಡರಲ್ಲಿ ಇಲ್ಲ, ಆರರಲ್ಲೂ ಇಲ್ಲ. ಏಳನೆಯದರಲ್ಲಿ ಯಾರೋ ಬಿಕ್ಕುವ ಸದ್ದು ಕೇಳಿತು.

"ಸಾಹೇಬ್ರ, ನಿಮ್ಮ ಕಲ್ಲು ಉಳಿದೈತ್ರಿ."

ಕೆಳಗೆ ಬಿಕ್ಕು ನಿಂತಿತು. "ನನಗೆಲ್ಲಿಂದ ಬಂತು ಕಲ್ಲು?"

"ನಾ ಇಟ್ಟಿದ್ದೆ. ಕುಂದರಬ್ಯಾಡ್ರಿ, ತಳದಾಗ ಗಾಳಿ ಛಲೋ ಇಲ್ಲ. ಗೋಡಿ ಹಿಡಕೊಂಡು ನಿಂತಿರ್ರಿ. ನಿಮ್ಮ ಹೆಸರು ಏನ್ರಿ? ಕೂಗಬೇಕಂದ್ರ ನನಗ ಹೆಸರೇ ಗೊತ್ತಿಲ್ಲ."

ಕೊತವಾಲ ಗೋಡೆ ಹಿಡಿದು ನಿಂತ. ಆಮೇಲೆ ಸಣ್ಣ ದನಿ ಬಂತು, "ಮಲ್ಹಾರಿ. ಅವ್ವ ಮಲ್ಲೂ ಅಂತಾಳೆ."

"ಮಲ್ಲೂ, ಅಂಜಬ್ಯಾಡಪಾ. ನಾ ಇಲ್ಲೇ ಅದೀನಿ."

ತಲೆಯ ರುಮಾಲು ಬಿಚ್ಚಿ ಇಳಿಸಿದ, ಒಂದು ಮೊಳ ಕಮ್ಮಿಯಾಯಿತು. ಮುದುಕನ ತೋಳಲ್ಲಿ ಬಲವೂ ಅಷ್ಟಕ್ಕಷ್ಟೇ. ಇಳಿಬಿಟ್ಟ ರುಮಾಲು ಹಿಡಿದು ಅಲ್ಲೇ ಮಾತಾಡಿಸುತ್ತಾ ಮಲಗಿದ. ಆಗ ಬಯಲ ತುಂಬ ಪಂಜು ಕಂಡವು, ಎಲ್ಲರೂ ಒಂದೇ ಹೆಸರು ಕೂಗುತ್ತಿದ್ದರು. ಬರಮಪ್ಪಾ! ಬರಮಪ್ಪಾ! ಮುದುಕನಿಗೆ ಓಗೊಡಲು ತಕ್ಷಣ ತಿಳಿಯಲಿಲ್ಲವಂತೆ. ಆ ಹೆಸರನ್ನು ಬಯಲಲ್ಲಿ ಯಾರಾದರೂ ಹಾಗೆ ಕೂಗಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಬಾವಿ ಹಗ್ಗ ಇಳಿಯಿತು, ಎಲ್ಲರೂ ಎಳೆದರು, ಸೋಮವ್ವನೂ ಎಳೆದಳು. ಮೇಲೆ ಬಂದ ಕೊತವಾಲ ಯಾರ ಮುಖವನ್ನೂ ನೋಡದೆ ಮುದುಕನ ಕಾಲ ಹತ್ತಿರ ಕೂತುಬಿಟ್ಟ. ಬರಮಪ್ಪ ಒರಟು ಕಲ್ಲನ್ನು ಅವನ ಅಂಗೈಯಲ್ಲಿಟ್ಟ. "ತಗೋಪಾ. ಮನಿಗೆ ಬಂದಿ," ಅಂದ.

ಬೆಳಿಗ್ಗೆ ಸೋಮವ್ವ ಹೊಸ ಹರವಿ ತಂದು ಕಟ್ಟೆಯ ಮೇಲಿಟ್ಟಳು. ಕೊತವಾಲ ಕುಂಟುತ್ತಾ ಹಳ್ಳಕ್ಕೆ ಹೋಗಿ, ಒಂದೊಂದೇ ಕಲ್ಲು ಎತ್ತಿ ನೋಡಿ, ನೂರರಲ್ಲಿ ಒಂದನ್ನು ಆರಿಸಿ ತಂದ. ಬರಮಪ್ಪನ ಕೈ ಹಿಡಿದು ಅದನ್ನು ಒಳಗಿಟ್ಟು ಬೆರಳು ಮಡಿಸಿದ.

"ಇದು ಯಾರದ್ರಿ?" ಬರಮಪ್ಪ ತಡವಿ ನೋಡಿ ಕೇಳಿದ. "ಗುರುತು ಹತ್ತವಲ್ಲದು."

"ನಿನ್ನದು," ಅಂದ ಕೊತವಾಲ.

ಅವನು ರಾಜಧಾನಿಗೆ ಹೋಗುವ ಮುಂಚೆ ಅವ್ವನ ಊರಿಗೆ ಹೋದನಂತೆ. ಅಲ್ಲಿ ಎಂಟು ದಿನ ಇದ್ದು ಆಮೇಲೆ ರಾಜನ ಮುಂದೆ ನಿಂತ. "ಎಷ್ಟು ಕಳ್ಳರನ್ನ ಹಿಡಿದೆ?" ಅಂತ ರಾಜ ಕೇಳಿದ. "ಒಬ್ಬರನ್ನೂ ಇಲ್ಲ, ಪ್ರಭು. ನಾನೇ ಕಳೆದುಹೋಗಿದ್ದೆ. ಆ ತಳವಾರ ಹುಡುಕಿಕೊಟ್ಟ," ಅಂದ. ಆ ತಳವಾರ ಅಲ್ಲೇ ಇರಲಿ ಅಂದ ರಾಜ. ಆಮೇಲೆ ಗುಡಿಸಲಿಗೆ ಹೊಸ ಹುಲ್ಲು ಹೊದಿಸಿಕೊಡಲು ಅಪ್ಪಣೆ ಮಾಡಿದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ದಿನ ಬರಮಪ್ಪ ಸೋಮವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ತನ್ನ ಕಲ್ಲನ್ನು ಹರವಿಗೆ ಹಾಕಿ, ಹಳ್ಳಕ್ಕೆ ಸ್ನಾನಕ್ಕೆ ಹೋದನಂತೆ. ಹೊತ್ತು ಇಳಿಯಿತು, ದೀಪ ಹಚ್ಚುವ ಹೊತ್ತಾಯಿತು. ಹರವಿಯಲ್ಲಿ ಒಂದೇ ಒಂದು ಕಲ್ಲು ಉಳಿದಿತ್ತು, ಬರಮಪ್ಪನದು. ಊರು ಹೌಹಾರಿ ಓಡಿತು. ನೋಡಿದರೆ ಮುದುಕ ಒಣಗಿದ ಬಟ್ಟೆ ಉಟ್ಟುಕೊಂಡು, ಹಳ್ಳದ ದಂಡೆಯ ಬಂಡೆ ಮೇಲೆ ಆರಾಮಾಗಿ ಕೂತಿದ್ದ.

"ಯಾಕ ಮಾವ, ಕಾಲು ನೋವಾತೇನು? ದಾರಿ ತಪ್ಪಿತೇನು?" ಸೋಮವ್ವ ಏದುಸಿರು ಬಿಡುತ್ತಾ ಕೇಳಿದಳು.

"ಏನೂ ಆಗಿಲ್ಲವ್ವಾ," ಅಂದ ಬರಮಪ್ಪ, ನಾಚಿಕೊಂಡು. "ಇನ್ನೊಂದು ಸಲ ಕರೀಲಿ ಅಂತ ಕುಂತಿದ್ದೆ."

ಅವರು ಅವನನ್ನು ಕರಕೊಂಡು ಮನೆಗೆ ಹೋದರು. ಅವರ ಕಲ್ಲು ಅವರವರ ಗಂಟು ಸೇರಿದವು, ನನ್ನ ಕಥೆ ನಿಮ್ಮ ಉಡಿ ಸೇರಿತು. ಹೊತ್ತಾಯಿತು, ನೀವೂ ಮನೆಗೆ ನಡೀರಿ.