ಹಗ್ಗದ ಇನ್ನೊಂದು ತುದಿ

ನೀಲಗಟ್ಟಿಯ ಪೂಜ್ಯ ಶ್ರೀ ಗುರುಶಾಂತಜ್ಜನವರ ಮಠವೆಂದರೆ ದೊಡ್ಡ ಕಮಾನು, ಶಿಖರ ಇರುತ್ತದೆಂದು ಹುಡುಕಿಕೊಂಡು ಹೋದವರು ಅದನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಮಣ್ಣಿನ ಗೋಡೆಯ ಎರಡು ಅಂಕಣ, ಒಳಗೊಂದು ಗದ್ದುಗೆ, ಹಿಂದೆ ದನದ ಕೊಟ್ಟಿಗೆ, ಅದರ ಮುಂದೊಂದು ಬೇವಿನ ಮರ, ಇಷ್ಟೇ. ಮಠದ ದನಗಳಿಗೆ ಬೇಕಾದ ಹಗ್ಗವನ್ನು ಅಜ್ಜನವರು ಪುಂಡಿ ನಾರಿನಿಂದ ತಾವೇ ಹೊಸೆಯುತ್ತಿದ್ದರು. ಒಂದು ತುದಿಯಲ್ಲಿ ಅವರು ನಿಂತು ನಾರನ್ನು ತಿರುಚುತ್ತ ಹುರಿ ಹಾಕುವರು. ಇನ್ನೊಂದು ತುದಿಯನ್ನು ಆ ಹೊತ್ತಿಗೆ ದರ್ಶನಕ್ಕೆ ಯಾರು ಬಂದಿರುತ್ತಾರೋ ಅವರು ಹಿಡಿಯಬೇಕು. ಸಾಹೇಬರೇ ಬರಲಿ, ಕುರಿ ಕಾಯುವವನೇ ಬರಲಿ, ಕಾಲು ತೊಳೆದು ನಮಸ್ಕಾರ ಮಾಡಿದ ಮೇಲೆ ಹಗ್ಗ ಹಿಡಿಯುವುದು ಆ ಮಠದ ಪದ್ಧತಿ.

ಒಂದು ಮಧ್ಯಾಹ್ನ ತಾಲೂಕಿನ ಊರಿನಿಂದ ಮಹಾರುದ್ರಪ್ಪನೆಂಬ ಬಟ್ಟೆ ವ್ಯಾಪಾರಿ ಕಾರಿನಲ್ಲಿ ಬಂದಿಳಿದನು. ಊರಿಗೆಲ್ಲ ಬೇಕಾದ ಮನುಷ್ಯ. ಅವನ ಮೊಬೈಲಿನಲ್ಲಿ ಇಲ್ಲದ ಗೆಳೆಯರಿಲ್ಲ. ದಿನಾ ಬೆಳಗಾದರೆ ಅವನ ಕಡೆಯಿಂದ ಎಲ್ಲರಿಗೂ ಒಂದು ಗುಲಾಬಿ ಹೂವು, ಒಂದು ಸೂರ್ಯೋದಯ, ಕೆಳಗೊಂದು ಒಳ್ಳೆಯ ಮಾತು ಹೋಗುತ್ತಿತ್ತು. ಹುಟ್ಟುಹಬ್ಬಕ್ಕೆ ಶುಭಾಶಯ, ಸತ್ತರೆ ಸಂತಾಪ, ಎರಡನ್ನೂ ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲಿಂದಲೇ ಮುಗಿಸುವ ಚಾಕಚಕ್ಯತೆ ಅವನಿಗಿತ್ತು.

ಆದರೆ ಅಂದು ಅವನ ಮುಖ ಬಾಡಿತ್ತು. ನಮಸ್ಕರಿಸಿ, ಬಂದ ಕಾರಣ ಹೇಳಿದನು. ದಾವಲಸಾಬ್ ಅವನ ಜೀವದ ಗೆಳೆಯ. ಇಬ್ಬರೂ ಒಂದೇ ಬಾವಿಯಲ್ಲಿ ಈಜು ಕಲಿತವರು. ಹಿಂದೊಮ್ಮೆ ಮಹಾರುದ್ರಪ್ಪನ ಅಂಗಡಿಗೆ ಬೆಂಕಿ ಬಿದ್ದಾಗ, ಸಮಾಧಾನ ಹೇಳುವವರೆಲ್ಲ ಹೇಳಿ ಹೋದ ಮೇಲೆ, ಸುಟ್ಟ ಬಟ್ಟೆಯ ಗಂಟುಗಳ ನಡುವೆ ಅವನ ಪಕ್ಕಕ್ಕೆ ಬಂದು ಸುಮ್ಮನೆ ಕೂತವನು ದಾವಲಸಾಬ್ ಒಬ್ಬನೇ. ಈಗ ಅವನಿಗೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಹೋಗಿದ್ದವು. ಮಾತಂತೂ ಪೂರ್ತಿ ನಿಂತಿತ್ತು. ಮಹಾರುದ್ರಪ್ಪ ಒಮ್ಮೆ ಹೋಗಿ ನೋಡಿದ್ದನು. ಏನು ಮಾತಾಡಬೇಕೋ ತಿಳಿಯದೆ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತು, ಚಹಾ ಆರುವ ಮೊದಲೇ ಎದ್ದು ಬಂದಿದ್ದನು. ಆಮೇಲೆ ಆ ಓಣಿಗೆ ಅವನ ಕಾಲು ಹೊರಳಲಿಲ್ಲ. ಹೂವು, ಸೂರ್ಯೋದಯ ಮಾತ್ರ ತಪ್ಪದೆ ಹೋಗುತ್ತಿದ್ದವು. ನಿನ್ನೆ ಪೇಟೆಯಲ್ಲಿ ದಾವಲಸಾಬನ ಹೆಂಡತಿ ಖಾಸಿಂಬಿ ಸಿಕ್ಕು, "ದಿನಾ ಬಾಗಲಾ ನೋಡ್ತಾರ್ರೀ ಅಣ್ಣಾರ. ಈಗೀಗ ಗ್ವಾಡಿ ಕಡೆ ಹೊಳ್ಳಿ ಮಲಗತಾರ. ರೊಟ್ಟಿ ಮುಟ್ಟವಲ್ಲರು," ಎಂದಿದ್ದಳು.

"ಒಂದ್ ಚಿಟಿಕಿ ಭಸ್ಮಾ ಮಂತ್ರಿಸಿ ಕೊಡ್ರಿ ಅಜ್ಜಾರ," ಎಂದನು ಮಹಾರುದ್ರಪ್ಪ. "ಅಂವಗ ಮಾತ್ ಬರಲಿ. ಮಾತ್ ಬಂತಂದ್ರ ನಾ ದಿನಾ ಹೋಗ್ತೀನ್ರಿ."

ಅಜ್ಜನವರು ನಾರಿನ ತುದಿಯೊಂದನ್ನು ಅವನ ಕೈಗಿತ್ತು, "ಹಿಡಕೋ," ಎಂದರು.

ಹಗ್ಗ ಹಿಡಿಯುವುದೇನು ಮಹಾ ಎಂದುಕೊಂಡು ಮಹಾರುದ್ರಪ್ಪ ಕಂಬದಂತೆ ನಿಂತನು. ಅಜ್ಜನವರು ಮರದ ನೆರಳಿನ ಆ ಕಡೆಯಿಂದ ಹುರಿ ಹಾಕತೊಡಗಿದರು. ಹಗ್ಗ ಬಿಗಿಯಾಗಿ ಅಂಗೈಯನ್ನು ಕೊರೆಯಿತು. ಅವನು ಹಿಂದಕ್ಕೆ ಜಗ್ಗಿದನು. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಅದನ್ನು ತೆಗೆಯಲು ಅರೆಗಳಿಗೆ ಕೈ ಬಿಟ್ಟನೋ ಇಲ್ಲವೋ, ಹಾಕಿದ ಹುರಿಯೆಲ್ಲ ಬಿಚ್ಚಿ ಹಗ್ಗ ನೆಲದ ಮೇಲೆ ಗಂಟುಗಂಟಾಗಿ ಸುತ್ತಿಕೊಂಡು ಬಿತ್ತು.

ಅಜ್ಜನವರು ಬೈಯಲಿಲ್ಲ. ಕೂತು ಗಂಟು ಬಿಡಿಸಿದರು. ಮತ್ತೆ ತುದಿಯನ್ನು ಕೈಗಿತ್ತರು. ಮಹಾರುದ್ರಪ್ಪನಿಗೆ ನಾಚಿಕೆಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. "ಅಜ್ಜಾರ, ಈ ತುದೀನ ಆ ಗೂಟಕ್ಕ ಕಟ್ಟಿದ್ರ ಆಗೂದಿಲ್ಲೇನ್ರಿ? ಮನಷ್ಯಾ ಯಾಕ ಬೇಕು?" ಎಂದನು.

ಅಜ್ಜನವರು ನಕ್ಕರು. "ಹುರಿ ಏರಿದಂಗ ಹಗ್ಗ ಗಿಡ್ಡ ಆಗತೈತಿ, ತಮ್ಮಾ. ಹಿಡದಾಂವ ಒಂದೊಂದ ಹೆಜ್ಜಿ ಮುಂದ ಬರಬೇಕು. ಗೂಟ ಮುಂದ ಬರೂದಿಲ್ಲ."

ಅಷ್ಟು ಹೇಳಿ ಅವರು ಮತ್ತೆ ಹುರಿ ಹಾಕತೊಡಗಿದರು. ಈ ಸಲ ಮಹಾರುದ್ರಪ್ಪ ಜಗ್ಗಲಿಲ್ಲ. ಹಗ್ಗ ಎಳೆದಾಗ ಒಂದು ಹೆಜ್ಜೆ ಇಟ್ಟನು. ಇನ್ನೊಮ್ಮೆ ಎಳೆದಾಗ ಇನ್ನೊಂದು. ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತು. ದಿನಾ ಬೆಳಿಗ್ಗೆ ತಾನು ಹೂವು ಕಳಿಸುತ್ತಿದ್ದ ಮನೆಯ ಬಾಗಿಲು ಅವನ ಕಣ್ಣ ಮುಂದೆ ಬಂತು. ಆ ಬಾಗಿಲನ್ನೇ ನೋಡುತ್ತ ಮಲಗಿದವನ ಮುಖವೂ ಬಂತು. ಮಹಾರುದ್ರಪ್ಪನ ಕಣ್ಣಿಂದ ನೀರು ಇಳಿಯಿತು. ಎರಡೂ ಕೈಯಲ್ಲಿ ಹಗ್ಗವಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಹೊರಡುವಾಗ ಭಸ್ಮವನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಅಜ್ಜನವರು ತಾವಾಗಿಯೇ ಒಂದು ಕಟ್ಟು ಪುಂಡಿ ನಾರನ್ನು ಅವನ ಉಡಿಗೆ ಹಾಕಿ, "ಅಂವಂದ ಬಲಗೈ ಚೊಲೊ ಐತೆಲ್ಲ? ನಮ್ಮ ಆಕಳ ಕರಕ್ಕ ಒಂದ ಹಗ್ಗ ಬೇಕಾಗೇತಿ," ಎಂದರು.

ಮಹಾರುದ್ರಪ್ಪ ಅಂಗಡಿಗೆ ಹೋಗಲಿಲ್ಲ. ನೆಟ್ಟಗೆ ದಾವಲಸಾಬನ ಮನೆಗೆ ಹೋದನು. ಗೆಳೆಯ ಗೋಡೆಯ ಕಡೆ ಹೊರಳಿ ಮಲಗಿದ್ದನು. ಮಹಾರುದ್ರಪ್ಪ ಹೇಗಿದ್ದೀ ಎಂದು ಕೇಳಲಿಲ್ಲ. ಹೊರಸಿನ ಹತ್ತಿರ ಹೋಗಿ, ನಾರಿನ ತುದಿಯನ್ನು ಅವನ ಬಲಗೈಯಲ್ಲಿ ಇಟ್ಟು, "ಹಿಡಕೋ. ಅಜ್ಜಾರ ಕರಕ್ಕಂತ," ಎಂದಷ್ಟೇ ಹೇಳಿ ಬಾಗಿಲ ತನಕ ಹಿಂದೆ ಸರಿದು ಹುರಿ ಹಾಕತೊಡಗಿದನು.

ದಾವಲಸಾಬ್ ನಿಧಾನಕ್ಕೆ ಈ ಕಡೆ ಹೊರಳಿದನು. ಬೆರಳುಗಳು ಬಿಗಿಯಾದವು. ಹುರಿ ಏರಿತು, ಹಗ್ಗ ಗಿಡ್ಡವಾಗುತ್ತ ಬಂತು. ಮುಂದೆ ಬರಬೇಕಾದವನಿಗೆ ಏಳಲು ಆಗುವಂತಿರಲಿಲ್ಲ. ಆದ್ದರಿಂದ ಹುರಿ ಹಾಕುವವನೇ ಒಂದೊಂದು ಹೆಜ್ಜೆ ಮುಂದೆ ಬಂದನು. ಬಾಗಿಲಿನಿಂದ ನಡುಮನೆಗೆ, ನಡುಮನೆಯಿಂದ ಹೊರಸಿಗೆ. ಕೊನೆಗೆ ಮಹಾರುದ್ರಪ್ಪ ಹೊರಸಿನ ಅಂಚಿನಲ್ಲೇ ಕೂತಿದ್ದನು. ದಾವಲಸಾಬ್ ಹಗ್ಗವನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಹುರಿ ಸರಿಯಾಗಿಲ್ಲ ಎಂಬಂತೆ ತಲೆ ಅಲ್ಲಾಡಿಸಿದನು. ಸೊಟ್ಟಾದ ಬಾಯಿಯ ಒಂದು ಬದಿಯಿಂದ ನಕ್ಕನು. ಮಹಾರುದ್ರಪ್ಪನೂ ನಕ್ಕನು. ಬಾಗಿಲಲ್ಲಿ ನಿಂತಿದ್ದ ಖಾಸಿಂಬಿ ಕಣ್ಣೊರೆಸಿಕೊಂಡು ರೊಟ್ಟಿಗೆ ಹಿಟ್ಟು ಕಲಸಲು ಒಳಗೆ ಹೋದಳು.

ಮುಂದೆ ಅವನು ದಿನಾ ಹೋದನು. ಹಗ್ಗ ಒಂದು ರೂಪಕ್ಕೆ ಬಂದ ಮೇಲೆ ಅದನ್ನು ಮಠಕ್ಕೆ ತಂದು ಅಜ್ಜನವರ ಪಾದದ ಬಳಿ ಇಟ್ಟನು.

"ಅಂವಗ ಮಾತ್ ಬಂತೇನು?" ಎಂದು ಅಜ್ಜನವರು ಕೇಳಿದರು.

"ಇಲ್ರಿ ಅಜ್ಜಾರ. ಅದನ್ನ ಕಾಯೂದು ನಾವ್ ಇಬ್ಬರೂ ಬಿಟ್ಟೇವ್ರಿ."

ಅಜ್ಜನವರು ಎದ್ದು ಕೊಟ್ಟಿಗೆಗೆ ಹೋದರು. ಕರುವಿನ ಕೊರಳಲ್ಲಿದ್ದ ಹಳೆಯ ಹಗ್ಗ ಬಿಚ್ಚಿ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣಗಿದ್ದ ಆ ಹೊಸ ಹಗ್ಗವನ್ನು ತಮ್ಮ ಕೈಯಾರೆ ಕಟ್ಟಿದರು.