ಹಾಳೆ ಅದೇ ಇತ್ತು

“ಗುರುಗಳೇ, ಮೂಲದಲ್ಲಿ ಬದಲಾದದ್ದು ಪರದೆಯ ಮೇಲೆ ಬದಲಾಗದಿದ್ದರೆ ತಪ್ಪು ಯಾರದು?” ಎಂದು ಮಲ್ಲಿನಾಥ ಕೇಳಿದ.

ಉತ್ತರ ಆಗಲೇ ಅವನ ಬಳಿ ಇದೆ ಎಂಬುದು ಕೇಳಿದ ಧಾಟಿಯಲ್ಲೇ ತಿಳಿಯುತ್ತಿತ್ತು. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪರದೆ ಕಟ್ಟುವ ವಿದ್ಯೆ ಕಲಿಯಲು ಅವನು ಈ ಗುರುವಿನ ಬಳಿ ಬಂದು ಎರಡು ವರ್ಷವಾಗಿತ್ತು. ಓರಗೆಯವರಲ್ಲಿ ಚುರುಕು. ಚುರುಕು ಎಂಬುದು ಅವನಿಗೂ ಗೊತ್ತಿತ್ತು, ಉಳಿದವರು ಅದನ್ನು ಮರೆಯದಂತೆ ನೋಡಿಕೊಳ್ಳುವುದೂ ಗೊತ್ತಿತ್ತು.

ಆಗ ಅವನೂ ಸಹಪಾಠಿ ನೀಲಗಂಗಾಳೂ ಸೇರಿ ಒಂದು ಆಸ್ಪತ್ರೆಯ ರಕ್ತನಿಧಿಗೆ ಪರದೆ ಕಟ್ಟುತ್ತಿದ್ದರು. ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ ಎಂಬ ಪಟ್ಟಿ ಒಂದೇ ಕಡೆ ಇರುತ್ತದೆ. ಆ ಪಟ್ಟಿಯನ್ನು ಕಾಯುವುದು, ಬದಲಿಸುವುದು ಮಲ್ಲಿನಾಥನ ಕೆಲಸ. ಅದನ್ನು ಓದಿ ಪರದೆಯ ಮೇಲೆ ತೋರಿಸುವ ಭಾಗ, ಅಂದರೆ ಕಾಂಪೊನೆಂಟ್, ನೀಲಗಂಗಾ ಬರೆದದ್ದು. ಈಗ ಏನಾಗಿತ್ತೆಂದರೆ, ಪಟ್ಟಿಯಲ್ಲಿ ಒಂದು ಚೀಲ ಕಡಿಮೆಯಾದರೂ ನೀಲಗಂಗಾಳ ಕಾಂಪೊನೆಂಟ್ ಹಳೆಯ ಸಂಖ್ಯೆಯನ್ನೇ ತೋರಿಸುತ್ತಿತ್ತು. ಪುಟವನ್ನು ಮತ್ತೆ ತೆರೆದರೆ ಸರಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ತಪ್ಪು. ಇಲ್ಲದ ರಕ್ತವನ್ನು ಇದೆ ಎನ್ನುವ ಪರದೆಯನ್ನು ಆಸ್ಪತ್ರೆಯವರ ಕೈಗೆ ಕೊಡುವುದು ಹೇಗೆ?

“ನನ್ನ ಪಟ್ಟಿ ಸರಿಯಾಗಿದೆ. ಹತ್ತು ಸಲ ತೆಗೆದು ನೋಡಿದ್ದೇನೆ,” ಎಂದ ಮಲ್ಲಿನಾಥ. “ಅದನ್ನು ಬದಲಿಸುವ ಕೋಡಿನ ಸಾಲನ್ನು ನೀವೂ ನೋಡಿದ್ದೀರಿ. ಹೋದ ವಾರ ಎಲ್ಲರನ್ನೂ ಕರೆದು ತೋರಿಸಿದೆನಲ್ಲ, ಹೊಸ ಪಟ್ಟಿ ಮಾಡುವ ಗೋಜಿಲ್ಲದೆ ಇದ್ದ ಪಟ್ಟಿಯೊಳಗೇ ಕೈಹಾಕಿ ಬದಲಿಸುವ ಒಂದೇ ಒಂದು ಸಾಲು. ತಪ್ಪಿರುವುದು ಅವಳ ಕಾಂಪೊನೆಂಟಿನಲ್ಲಿ. ಅಪ್ಪಣೆ ಕೊಟ್ಟರೆ ಅದನ್ನು ಕಿತ್ತುಹಾಕಿ ನಾನೇ ಬರೆಯುತ್ತೇನೆ.”

ನೀಲಗಂಗಾಳ ಮೂರು ತಿಂಗಳ ಕೆಲಸ ಆ ಒಂದು ಮಾತಿಗೆ ಕಸದ ಬುಟ್ಟಿಯ ಬಾಯಿಗೆ ಬಂದು ನಿಂತಿತು. ಗುರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಕತೆ ಶುರುವಾಗುತ್ತದೆ ಎಂದು ಶಿಷ್ಯರಿಗೆಲ್ಲ ಗೊತ್ತಿತ್ತು. ಮಲ್ಲಿನಾಥ ಒಳಗೊಳಗೇ ಗೊಣಗಿಕೊಂಡು ಕುರ್ಚಿ ಎಳೆದುಕೊಂಡು ಕೂತ.

ಗುರು ಹೇಳಿದ ಕತೆ ಇದು.

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಐದು ಕುಣಿಮಗ್ಗಗಳಿದ್ದವು. ಸೀರೆಯ ಅಂಚಿನಲ್ಲಿ ಹೂವು, ಹಕ್ಕಿ ಮೂಡಿಸುವುದರಲ್ಲಿ ಆ ಮನೆಗೆ ದೊಡ್ಡ ಹೆಸರು. ಮೂಡಬೇಕಾದ ನಕ್ಷೆಯನ್ನು ಯಜಮಾನನೇ ಚೌಕಳಿ ಹಾಳೆಯ ಮೇಲೆ ಮಸಿಯಲ್ಲಿ ಬರೆಯುತ್ತಿದ್ದ. ಬರೆದ ಹಾಳೆಯನ್ನು ಐದೂ ಮಗ್ಗಗಳಿಗೆ ಕಾಣುವಂತೆ ನಡುಮನೆಯ ಕಂಬಕ್ಕೆ ತೂಗುಹಾಕುತ್ತಿದ್ದ.

ಆ ಮನೆಗೊಂದು ರೂಢಿಯಿತ್ತು. ಅವನ ಅಪ್ಪ ಮಾಡಿಟ್ಟದ್ದು. ಮಗ್ಗಕ್ಕೆ ಹೊಸದಾಗಿ ಕೂತವರು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದಿದ ಎಣಿಕೆಯನ್ನು ಹಾಡು ಮಾಡಿ ಬಾಯಿಗೆ ತಂದುಕೊಳ್ಳಬೇಕು. ಆಮೇಲೆ ಹಾಡಿನ ಹಿಂದೆ ಕೈ ನಡೆಯುತ್ತದೆ. ಮತ್ತೆ ಮತ್ತೆ ಓದಲು ಹೋದರೆ ಎಳೆ ತಪ್ಪುತ್ತದೆ. ಅದಕ್ಕಾಗಿ ಗೇಣಿಗೊಮ್ಮೆ ತಲೆಯೆತ್ತಿ, ತೂಗುತ್ತಿರುವುದು ಅದೇ ಹಾಳೆಯೇ ಎಂದಷ್ಟೇ ನೋಡಬೇಕು. ಅದೇ ಹಾಳೆಯಾದರೆ ಅದೇ ಹಾಡು. ಬೇರೆ ಹಾಳೆಯಾದರೆ ನೂಲು ಒಯ್ಯುವ ಲಾಳಿ ನಿಲ್ಲಿಸಿ ಹೊಸದಾಗಿ ಓದಬೇಕು. ಯಜಮಾನ ಮಗ್ಗದಿಂದ ಮಗ್ಗಕ್ಕೆ ಹೋಗಿ ಕೂಗಿ ಹೇಳುವಂತಿಲ್ಲ. ಹೇಳುವುದೇನಿದ್ದರೂ ಹಾಳೆಯೇ ಹೇಳಬೇಕು. ಐದು ಮಗ್ಗದ ಸೀರೆಗಳನ್ನು ಒಂದರ ಮೇಲೊಂದು ಹಾಸಿದರೆ ಅಂಚಿಗೆ ಅಂಚು ಕೂಡುತ್ತಿದ್ದದ್ದು ಈ ರೂಢಿಯಿಂದ. ಆ ಮನೆಯಲ್ಲಿ ಲಾಳಿ ಹಿಡಿದವರೆಲ್ಲ ಅದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಅಪ್ಪ ಹೋದ ಮೇಲೆ ಮಗನಿಗೆ ಇನ್ನೊಂದು ಹೆಮ್ಮೆ ಹುಟ್ಟಿಕೊಂಡಿತು. ತಿದ್ದುವ ಕೈ ಅವನದು. ಒಂದು ಗೆರೆ ತಪ್ಪಿದರೂ ಅಪ್ಪ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ಬರೆಯುತ್ತಿದ್ದ. ಮಗನಿಗೆ ಅದು ಕೈಲಾಗದವರ ಕೆಲಸ ಅನ್ನಿಸುತ್ತಿತ್ತು. ಅವನು ಚಾಕುವಿನ ಮೊನೆಯಿಂದ ಮಸಿ ಕೆರೆದು, ಗಂಜಿ ಸವರಿ, ಒಣಗಿದ ಮೇಲೆ ಕವಡೆಯಿಂದ ಉಜ್ಜಿ, ಅದರ ಮೇಲೆ ಹೊಸ ಗೆರೆ ಎಳೆಯುತ್ತಿದ್ದ. ಎಲ್ಲಿ ತಿದ್ದಿದ ಎಂದು ಬಿಸಿಲಿಗೆ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಮನೆಗೆ ಬಂದವರ ಮುಂದೆ ಹಾಳೆ ಚಾಚಿ, ಹುಡುಕಿ ನೋಡಿ ಎಂದು ಸವಾಲು ಹಾಕುತ್ತಿದ್ದ. ಅವರು ಸೋತು ಹಾಳೆ ಹಿಂದೆ ಕೊಟ್ಟ ದಿನ ಅವನಿಗೆ ಎರಡು ರೊಟ್ಟಿ ಹೆಚ್ಚು ಸೇರುತ್ತಿತ್ತು. ಆದರೆ ಅಲ್ಲಿಯವರೆಗೆ ಅವನು ತಿದ್ದಿದ್ದೆಲ್ಲ ಹಾಳೆಯನ್ನು ಕಂಬಕ್ಕೆ ತೂಗುಹಾಕುವ ಮೊದಲು.

ಒಮ್ಮೆ ಒಬ್ಬ ಗೃಹಸ್ಥ ಬಂದ. ಐವರು ಹೆಣ್ಣುಮಕ್ಕಳು, ಒಂದೇ ಚಪ್ಪರದಲ್ಲಿ ಐದು ಮದುವೆ. ಐದು ಸೀರೆ ಬೇಕು, ಅಂಚಿನಲ್ಲಿ ಹಂಸದ ಸಾಲು ಬೇಕು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಾರದು. ಇದ್ದರೆ ಅಕ್ಕತಂಗಿಯರು ಚಪ್ಪರದಲ್ಲೇ ಜಗಳಕ್ಕೆ ನಿಲ್ಲುತ್ತಾರೆ ಎಂದು ನಕ್ಕ.

“ಈ ಮನಿ ಹಂಸ ಬ್ಯಾರೆ ಬ್ಯಾರೆ ದಿಕ್ಕ ನೋಡಂಗಿಲ್ರಿ,” ಎಂದ ನೇಕಾರ. ಹೇಳುವಾಗ ಅವನ ಕೈ ತಾನಾಗಿ ಮೀಸೆಗೆ ಹೋಯಿತು.

ಹಾಳೆ ಕಂಬಕ್ಕೇರಿತು. ಐದನೆಯ ಮಗ್ಗದ ಮುದುಕಿ ಎಲ್ಲರಿಗಿಂತ ಮೊದಲು ಹಾಸಿನ ಉದ್ದೆಳೆಗಳನ್ನು ಹೂಡಿ ನೇಯಲು ಕೂತಳು. ಅವನ ಅಪ್ಪನ ಕಾಲದಿಂದ, ನಲವತ್ತು ವರ್ಷ, ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಅವಳು. ಯಜಮಾನನಿಗೆ ಲಾಳಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಉಳಿದ ನಾಲ್ವರ ಹಾಸು ಇನ್ನೂ ಸಿದ್ಧವಾಗಿರಲಿಲ್ಲ.

ಆ ಸಂಜೆ ಮದುವೆಯ ಮನೆಯಿಂದ ಸುದ್ದಿ ಬಂತು. ಹಂಸಗಳು ಎಡಕ್ಕೆ ಬೇಡ, ಬಲಕ್ಕೆ ನೋಡಲಿ. ನೇಕಾರ ಹಾಳೆ ಇಳಿಸಿದ. ಕೆರೆದ, ಸವರಿದ, ಉಜ್ಜಿದ, ಹಂಸದ ಕುತ್ತಿಗೆ ತಿರುಗಿಸಿದ. ಅದೇ ಹಾಳೆಯನ್ನು ಅದೇ ಮೊಳೆಗೆ ತೂಗುಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ಮರುದಿನ ನಾಲ್ವರು ಹೊಸದಾಗಿ ಕೂತರು. ಹಾಳೆ ಓದಿದರು, ಬಲಕ್ಕೆ ನೋಡುವ ಹಂಸ ನೇಯ್ದರು. ಐದನೆಯ ಮಗ್ಗದಲ್ಲಿ ಮಾತ್ರ ಹಂಸ ಎಡಕ್ಕೇ ನೋಡುತ್ತಿತ್ತು.

ನೇಕಾರನಿಗೆ ಅದು ಕಂಡದ್ದು ಮೂರು ದಿನದ ಮೇಲೆ. ಕಲಿಸಿದವಳ ಮುಂದೆ ಬಾಯಿ ಬಿಡಲು ಸಂಕೋಚ. ತಪ್ಪಿದ ಗೇಣುಗಳನ್ನು ಬಿಚ್ಚಿಸಿದ. ಅವಳನ್ನು ಎರಡನೆಯ ಮಗ್ಗಕ್ಕೆ ಕೂರಿಸಿ, ಎರಡನೆಯವನನ್ನು ಐದಕ್ಕೆ ಕಳಿಸಿದ. ಬೇರೆ ಮಗ್ಗಕ್ಕೆ ಕೂತ ಮೇಲೆ ರೂಢಿಯಂತೆ ಇಬ್ಬರೂ ಹಾಳೆಯನ್ನು ಹೊಸದಾಗಿ ಓದಿದರು. ಎರಡೂ ಕಡೆ ಹಂಸ ಬಲಕ್ಕೆ ತಿರುಗಿತು. ಹಾಗಾದರೆ ತಪ್ಪು ಮುದುಕಿಯದಲ್ಲ, ಐದನೆಯ ಮಗ್ಗವೇ ಸಡಿಲವಾಗಿರಬೇಕು ಎಂದು ನೇಕಾರ ಬಡಗಿಯನ್ನು ಕರೆಸಿ ಹಗ್ಗ, ಹಲಗೆ ಎಲ್ಲ ಬಿಗಿ ಮಾಡಿಸಿದ. ಬಿಗಿಯಾದ ಮೇಲೆ ಇಬ್ಬರನ್ನೂ ಅವರವರ ಜಾಗಕ್ಕೆ ಕಳಿಸಿದ. ಅವರು ಮತ್ತೆ ಓದಿ ಕೂತರು, ಮತ್ತೆ ಸರಿಯಾಗಿಯೇ ನೇಯ್ದರು. ಮಗ್ಗ ಸಡಿಲವಾದರೆ ಹಂಸ ಹಿಂತಿರುಗಿ ನೋಡುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಅವನಿಗೇ ನಗು ಬರುತ್ತಿತ್ತು. ಆದರೆ ಕೆಲಸ ಸರಿಹೋಗಿತ್ತು. ಯಾಕೆ ಸರಿಹೋಯಿತು ಎಂದು ಕೇಳುವ ವ್ಯವಧಾನ ಯಾರಿಗಿದೆ?

ಇಲ್ಲಿ ಮಲ್ಲಿನಾಥ ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡಿದ. ಪುಟವನ್ನು ಮತ್ತೆ ತೆರೆದಾಗಲೆಲ್ಲ ಸರಿಹೋಗುತ್ತಿದ್ದದ್ದು ಅವನಿಗೆ ನೆನಪಾಯಿತು. ಗುರು ನೋಡಿಯೂ ನೋಡದವರಂತೆ ಮುಂದುವರಿಸಿದರು.

ನಾಲ್ಕು ದಿನ ಕಳೆಯಿತು. ಸೆರಗು ಶುರುವಾಗುವುದಿತ್ತು. ಮದುವೆಯ ಮನೆಯಿಂದ ಮತ್ತೆ ಸುದ್ದಿ ಬಂತು. ಸೆರಗಿನ ಹಂಸಗಳ ಕೊಕ್ಕಿನಲ್ಲಿ ಒಂದೊಂದು ಮೊಗ್ಗು ಇರಲಿ. ನೇಕಾರ ಮತ್ತೆ ಹಾಳೆ ಇಳಿಸಿದ, ಮತ್ತೆ ತಿದ್ದಿದ. ಈ ಸಲದ ಕೆಲಸ ಹಿಂದಿನದಕ್ಕಿಂತ ಒಂದು ಕೈ ಮೇಲು. ಮತ್ತೆ ಅದೇ ಮೊಳೆಗೆ ತೂಗುಹಾಕಿದ.

ಎರಡು ದಿನ ಬಿಟ್ಟು ನೋಡಲು ಹೊರಟವನು ನೇರವಾಗಿ ಐದನೆಯ ಮಗ್ಗಕ್ಕೇ ಹೋದ. ಒಮ್ಮೆ ಅನುಮಾನ ಬಂದ ಕಡೆಗೇ ಕಾಲು ಹೋಗುತ್ತದೆ. ಮುದುಕಿ ನೇಯುತ್ತಿದ್ದ ಸೆರಗಿನಲ್ಲಿ ಹಂಸಗಳ ಕೊಕ್ಕು ಖಾಲಿ. ಅವನ ತಾಳ್ಮೆ ಕಡಿದುಬಿತ್ತು.

“ಹಾಳಿ ನೋಡಲಿಲ್ಲೇನ ದೊಡ್ಡವ್ವಾ?” ಎಂದ.

“ನೋಡೀನಿ ತಮ್ಮಾ. ಗೇಣಿಗೊಮ್ಮಿ ನೋಡೀನಿ. ಹಾಳಿ ಅದ ಇತ್ತು.”

ಮೊಗ್ಗು ಬರೆದು ಎರಡು ದಿನವಾದ ಹಾಳೆಯನ್ನು ಅದೇ ಹಾಳೆ ಎನ್ನುವವಳ ಕಣ್ಣು ಹೋಗಿದೆ ಎಂದು ಅವನಿಗೆ ಖಾತ್ರಿಯಾಯಿತು. ಅವನು ಕೈ ಚಾಚಿದ. ಆ ಮನೆಯಲ್ಲಿ ಯಜಮಾನ ಲಾಳಿ ಕೇಳಿದರೆ ನಾಳೆಯಿಂದ ಬರಬೇಡ ಎಂದು ಅರ್ಥ. ಮುದುಕಿ ಲಾಳಿಯನ್ನು ಅವನ ಅಂಗೈ ಮೇಲಿಟ್ಟಳು. ತನ್ನ ಸೆರಗಿನಿಂದ ಮಗ್ಗದ ಹಲಗೆಯನ್ನೊಮ್ಮೆ ಒರೆಸಿದಳು. ಕುಣಿಯಿಂದ ಕಾಲು ಮೇಲೆತ್ತಿಕೊಂಡು, ಎದ್ದು, ಬೆನ್ನು ನೆಟ್ಟಗೆ ಮಾಡಿ ಹೊರಗೆ ನಡೆದಳು. ಅವಳು ಅಳಲಿಲ್ಲ. ನೋಡಿದವರಿಗೆ ಅದೇ ಹೆಚ್ಚು ಸಂಕಟವಾಯಿತು.

ನೇಕಾರ ಲಾಳಿ ಹಿಡಿದುಕೊಂಡೇ ನಾಲ್ಕನೆಯ ಮಗ್ಗಕ್ಕೆ ಬಂದ. ಕೊಕ್ಕು ಖಾಲಿ. ಮೂರನೆಯದು ಖಾಲಿ. ಎರಡು, ಒಂದು, ಎಲ್ಲ ಖಾಲಿ. ಐವರ ಕಣ್ಣೂ ಎರಡೇ ದಿನದಲ್ಲಿ ಹೋಗಲು ಸಾಧ್ಯವೇ? ಐದು ಮಗ್ಗವೂ ಒಟ್ಟಿಗೆ ಸಡಿಲವಾಗುತ್ತವೆಯೇ? ಅವನಿಗೆ ಏನೂ ತೋಚಲಿಲ್ಲ. ತೋಚದೆ ಹೋಗಿ ಮುದುಕಿಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಅವಳ ಹಾಡು ಅವನಿಗೆ ಬಾಯಿಪಾಠ. ಹಾಡುತ್ತ ನೇಯ್ದ. ಒಂದು ಗೇಣು ಆದ ಮೇಲೆ, ಅವಳು ನೋಡುತ್ತಿದ್ದ ಹಾಗೆ, ತಲೆಯೆತ್ತಿ ಕಂಬದ ಕಡೆ ನೋಡಿದ.

ಅದೇ ಮೊಳೆ. ಅದೇ ಮಡಿಕೆಯ ಗುರುತು. ಮೂಲೆಯಲ್ಲಿ ಅದೇ ಅರಿಸಿನದ ಕಲೆ. ಹಾಳೆ ಅದೇ ಇತ್ತು.

ಮೊದಲು ಉಕ್ಕಿದ್ದು ಹೆಮ್ಮೆ. ಎಂಥ ಕೈ ನನ್ನದು, ಎರಡು ಸಲ ತಿದ್ದಿದರೂ ಒಂದು ಗುರುತಿಲ್ಲ, ಅಂದುಕೊಂಡ. ಅಂದುಕೊಂಡದ್ದೇ ತಡ, ಲಾಳಿ ಕೆಳಗಿಟ್ಟ. ಅವರೆಲ್ಲ ಗೇಣಿಗೊಮ್ಮೆ ತಲೆಯೆತ್ತಿ ಹುಡುಕುತ್ತಿದ್ದದ್ದು ಆ ಗುರುತನ್ನೇ. ಅದನ್ನು ಉಳಿಸದೆ ಉಜ್ಜಿ ತೆಗೆದವನು ತಾನು.

ಅವನು ಎದ್ದು ಹೊಸ ಹಾಳೆ ತೆಗೆದ. ಹಂಸವನ್ನೂ ಮೊಗ್ಗನ್ನೂ ಮೊದಲಿನಿಂದ ಬರೆದ. ಹಳೆಯದನ್ನು ಇಳಿಸಿ ಹೊಸದನ್ನು ತೂಗುಹಾಕಿದ. ಯಾರನ್ನೂ ಕೂಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ಲಾಳಿ ನಿಂತಿತು. ಆಮೇಲೆ ಇನ್ನೊಂದು. ನಾಲ್ಕೂ ನಿಂತವು, ನಾಲ್ಕು ತಲೆ ಮೇಲೆದ್ದವು, ನಾಲ್ವರೂ ಹೊಸ ಎಣಿಕೆಯನ್ನು ಗಟ್ಟಿಯಾಗಿ ಓದತೊಡಗಿದರು. ಅಪ್ಪನ ರೂಢಿ ಕಣ್ಣೆದುರು ನಡೆಯುವುದನ್ನು ಕಂಡು ನೇಕಾರನ ಕಣ್ಣು ತುಂಬಿತು.

ಅವನು ಎರಡೂ ಕೈಯಲ್ಲಿ ಲಾಳಿ ಹಿಡಿದುಕೊಂಡು ಮುದುಕಿಯ ಮನೆಗೆ ಹೋದ.

“ತಪ್ಪು ನನ್ನ ಕೈದು ದೊಡ್ಡವ್ವಾ,” ಎಂದ.

“ನಿನ್ನ ಕೈ ಭಾಳ ಚೊಲೋ ಐತಿ ತಮ್ಮಾ,” ಎಂದಳು ಮುದುಕಿ. “ಅದ ನೋಡು ತಪ್ಪು.” ಅಷ್ಟು ಹೇಳಿ ಲಾಳಿ ತೆಗೆದುಕೊಂಡಳು.

ತಪ್ಪಿದ ಸೆರಗುಗಳನ್ನು ಬಿಚ್ಚಿ ಮತ್ತೆ ನೇಯ್ದರು. ಐವರು ಮದುವಣಗಿತ್ತಿಯರು ಒಂದೇ ಚಪ್ಪರದಲ್ಲಿ ಸಾಲಾಗಿ ನಿಂತಾಗ ಹಂಸಗಳೆಲ್ಲ ಒಂದೇ ಕಡೆ ನೋಡುತ್ತಿದ್ದವು, ಪ್ರತಿಯೊಂದರ ಕೊಕ್ಕಿನಲ್ಲೂ ಮೊಗ್ಗಿತ್ತು. ಗೃಹಸ್ಥ ವ್ಯತ್ಯಾಸ ಹುಡುಕಿ ಹುಡುಕಿ ಸೋತ. ನೇಕಾರ ಹಿಂದೆ ಎಷ್ಟೋ ಜನರನ್ನು ಸೋಲಿಸಿದ್ದ, ಆದರೆ ಈ ಸೋಲು ಕೊಟ್ಟ ಸುಖ ಅವನಿಗೆ ಮೊದಲು ಸಿಕ್ಕಿರಲಿಲ್ಲ.

ಅಂದಿನಿಂದ ಅವನು ಚಾಕು, ಕವಡೆ ಮುಟ್ಟಲಿಲ್ಲ. ಬದಲಾವಣೆ ಬಂದಾಗಲೆಲ್ಲ ಹೊಸ ಹಾಳೆ. ಇಳಿಸಿದ ಹಾಳೆಗಳನ್ನು ದಾರಕ್ಕೆ ಪೋಣಿಸಿ, ಒಂದರ ಹಿಂದೆ ಒಂದು, ಬಾಗಿಲ ಪಕ್ಕದಲ್ಲೇ ತೂಗುಬಿಟ್ಟ. ನಿನ್ನ ತಪ್ಪುಗಳನ್ನೆಲ್ಲ ಬಾಗಿಲಿಗೆ ಕಟ್ಟಿಕೊಂಡಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಒಬ್ಬ ಕೇಳಿದ. ನೇಕಾರನ ಕೈ ಮತ್ತೆ ಮೀಸೆಗೆ ಹೋಯಿತು. ಯಾವ ದಿನ ಯಾವ ಹಂಸದ ಯಾವ ಗರಿ ಬದಲಾಯಿತು ಎಂದು ಬೆರಳಿಟ್ಟು ತೋರಿಸಬಲ್ಲ ಮನೆ ಈ ಸೀಮೆಯಲ್ಲಿ ಇದೊಂದೇ ಎಂದ.

ಗುರು ಕನ್ನಡಕ ಹಾಕಿಕೊಂಡರು.

ಮಲ್ಲಿನಾಥ ನೆಲ ನೋಡುತ್ತ ಕೂತಿದ್ದ. ಮೊದಲ ವಾರದ ಪಾಠವೊಂದು ಅವನ ಮನಸ್ಸಿನ ಹೊಸ್ತಿಲಿಗೆ ಬಂದು ನಿಂತಿತ್ತು. ಪರದೆ ಕಟ್ಟಲು ಬಳಸುವ ಈ ಫ್ರೇಮ್‌ವರ್ಕ್ ಪಟ್ಟಿಯ ಒಳಗೆ ಇಣುಕುವುದಿಲ್ಲ, ಬಂದಿರುವುದು ಬೇರೆ ಪಟ್ಟಿಯೇ ಎಂದಷ್ಟೇ ನೋಡುತ್ತದೆ, ಬೇರೆಯಾದರೆ ಮಾತ್ರ ಹೊಸದಾಗಿ ಓದುತ್ತದೆ ಎಂದು ಗುರು ಅಂದು ಹೇಳಿದ್ದರು. ಅವನು ಆ ಪಾಠವನ್ನು ಇನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಹೆಮ್ಮೆ ಅಷ್ಟು ಬೇಗ ಜಾಗ ಬಿಟ್ಟುಕೊಡುವುದಿಲ್ಲ.

“ಹಾಗಾದರೆ ತಪ್ಪನ್ನು ಎಲ್ಲಿಂದ ಹುಡುಕಲಿ, ಗುರುಗಳೇ?” ಎಂದು ಕೇಳಿದ. ಈ ಸಲ ಅವನ ದನಿ ಸಣ್ಣದಾಗಿತ್ತು.

“ಎಲ್ಲರನ್ನೂ ಕರೆದು ತೋರಿಸಿದೆಯಲ್ಲ, ಆ ಸಾಲಿನಿಂದ,” ಎಂದರು ಗುರು.

ಮಲ್ಲಿನಾಥ ಎದ್ದು ಹೋಗಿ, ಆ ಸಾಲನ್ನು ತೆಗೆದು, ಹೊಸ ಪಟ್ಟಿ ಮಾಡುವ ಸಾಲು ಬರೆಯಲು ಕೂತ.