ಮೊದಲ ನೀರು ಮಣ್ಣಿಗೆ

ಒಂದು ಕಾಡಿನಲ್ಲಿ, ಕೆರೆಯ ದಂಡೆಯ ಹೊಂಗೆಮರದ ಕೆಳಗೆ, ಮುಳ್ಳುಹಂದಿ ಅಜ್ಜಿಯೊಬ್ಬಳು ದಿನಾ ಸಂಜೆ ಚಹಾ ಮಾಡುತ್ತಿದ್ದಳು. ಆಹಾ, ಆಗಿನ ಸಂಜೆಗಳೇ ಸಂಜೆಗಳು! ಮೊಲ ಬರುತ್ತಿತ್ತು, ಕೋತಿ ಬರುತ್ತಿತ್ತು. ನರಿಯೂ ಬಂದು ಮೊಲದ ಪಕ್ಕದಲ್ಲೇ ಬಾಲ ಮಡಚಿಕೊಂಡು ಕೂರುತ್ತಿತ್ತು. ಚಹಾ ಮುಗಿಯುವ ತನಕ ಯಾರೂ ಯಾರನ್ನೂ ತಿನ್ನಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ.

ಅಜ್ಜಿಯ ಚಹಾಗಿಂಡಿ ಚೀನಾ ದೇಶದ್ದು. ಕೆಂಪು ಮಣ್ಣಿನದು, ಒಂದು ಮುಷ್ಟಿಯಷ್ಟು ದೊಡ್ಡದು. ಅಂಥ ಮಣ್ಣು ತನ್ನೊಳಗೆ ಹಾಕಿದ ಚಹಾವನ್ನು ದಿನವೂ ಚೂರುಚೂರು ಕುಡಿಯುತ್ತದೆ. ನಲವತ್ತು ವರ್ಷ ಚಹಾ ಕುಡಿದ ಆ ಗಿಂಡಿಗೆ ಬರೀ ಬಿಸಿನೀರು ಹಾಕಿದರೂ ಘಮ ಏಳುತ್ತಿತ್ತು. ಆದರೆ ಮೊದಲು ಹಾಕಿದ ನೀರನ್ನು ಅಜ್ಜಿ ಯಾರಿಗೂ ಕೊಡುತ್ತಿರಲಿಲ್ಲ, ನೆಲಕ್ಕೆ ಚೆಲ್ಲುತ್ತಿದ್ದಳು. "ಮೊದಲ ನೀರು ಮಣ್ಣಿಗೆ, ಎರಡನೇದು ಮಂದಿಗೆ" ಎನ್ನುತ್ತಿದ್ದಳು.

ಅಜ್ಜಿ ತೀರಿಕೊಂಡಳು. ಅದೇ ವರ್ಷ ಗಿಂಡಿ ಮೊಮ್ಮಗಳು ಜಾಜಿಯ ಕೈಜಾರಿ ಒಡೆಯಿತು. ಉಳಿದದ್ದು ಮುಚ್ಚಳವೊಂದೇ. ಜಾಜಿ ಅತ್ತದ್ದು ಅಷ್ಟಿಷ್ಟಲ್ಲ. ಅಜ್ಜಿಯ ನೆನಪಾದಾಗಲೆಲ್ಲ ಆ ಮುಚ್ಚಳವನ್ನು ಮೂಸುತ್ತಿದ್ದಳು. ಹೊಂಗೆಮರದ ಕೆಳಗೆ ಈಗ ಯಾರೂ ಬರುತ್ತಿರಲಿಲ್ಲ. ನರಿ ಮೊಲವನ್ನು ಅಟ್ಟಿಸಿಕೊಂಡು ಓಡುವಾಗ ಮಾತ್ರ ಎರಡೂ ಒಟ್ಟಿಗೆ ಕಾಣುತ್ತಿದ್ದವು.

"ನಾನೊಂದು ಗಿಂಡಿ ತರಬೇಕು. ಎಲ್ಲರನ್ನೂ ಮತ್ತೆ ಕೂರಿಸಬೇಕು" ಎಂದು ಜಾಜಿ ನಿಶ್ಚಯಿಸಿದಳು. ಆದರೆ ಗಿಂಡಿ ಆರಿಸುವುದು ಹೇಗೆಂದು ಅವಳಿಗೇನು ಗೊತ್ತು?

ಕಾಡಂಚಿನ ಬಂಡೆಯ ಮೇಲೆ ಪುನುಗಿನ ಬೆಕ್ಕು ಸಂಪಣ್ಣ ಗಿಂಡಿಗಳನ್ನು ಹರಡಿಕೊಂಡು ಕೂತಿದ್ದ. ಸಂಪಣ್ಣ ಬರುವ ಮೊದಲೇ ಅವನ ಮೈವಾಸನೆ ಬರುತ್ತಿತ್ತು. ಇದು ಕಾಡಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

"ಬಾ ಮಗಳೇ, ಬಾ! ಚೀನಾದ್ದು, ನೂರು ವರ್ಷ ಹಳೇದು. ಹೇಗೆ ಹೊಳೀತಿದೆ ನೋಡು!" ಎಂದ ಸಂಪಣ್ಣ.

ಹೊಳೆಯದೆ ಏನು? ಕೆರೆಯ ಕೆಸರಿನಲ್ಲಿ ತಾನೇ ಗಿಂಡಿ ಮಾಡಿ, ಸುಟ್ಟು, ಒಳಗೂ ಹೊರಗೂ ಚಹಾದ ಚರಟ ಬಳಿದು, ದಿನಾ ತನ್ನ ಹೊಟ್ಟೆಗೆ ತಿಕ್ಕಿ ತಿಕ್ಕಿ ಹೊಳಪು ತರಿಸಿದ್ದ.

"ಬದಲಿಗೆ ಏನು ಕೊಡಲಿ ಮಾವ? ನನ್ನ ಹತ್ರ ಒಂದು ಬುಟ್ಟಿ ಗೆಣಸಿದೆ" ಎಂದಳು ಜಾಜಿ.

"ಗೆಣಸು ಯಾರಿಗೆ ಬೇಕು? ನಿಮ್ಮಜ್ಜಿಯ ಮುಚ್ಚಳ ಕೊಡು ಸಾಕು. ತಲೆಯೇ ಹೋದ ಮೇಲೆ ಪೇಟ ಇಟ್ಕೊಂಡು ಏನ್ಮಾಡ್ತೀಯ?"

ಆ ಮುಚ್ಚಳ ಯಾವ ಗಿಂಡಿಯ ಮೇಲೆ ಕೂತರೂ ಹಳೆಯ ಘಮ ಬರುತ್ತದೆ, ಕಾಡಿಗೆಲ್ಲ ಟೋಪಿ ಹಾಕಬಹುದು ಎಂಬುದು ಸಂಪಣ್ಣನ ಹಂಚಿಕೆ.

ಜಾಜಿ ಮುಚ್ಚಳವನ್ನು ಎದೆಗೊತ್ತಿಕೊಂಡಳು. "ಬಿಸಿನೀರು ಹಾಕಿ ನೋಡ್ತೀನಿ ಮಾವ. ಹಳೇ ಚಹಾದ ಘಮ ಬಂದರೆ ಮುಚ್ಚಳ ನಿಮ್ಮದು" ಎಂದಳು.

"ಧಾರಾಳವಾಗಿ! ಎಲ್ಲರನ್ನೂ ಕರಿ. ಎಲ್ಲರ ಎದುರೇ ಆಗಲಿ!" ಎಂದು ಸಂಪಣ್ಣ ಮೀಸೆ ತಿರುವಿದ. ಚರಟದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಮೊಲ, ಕೋತಿ, ನರಿ ಎಲ್ಲ ಬಂದವು. ಜಾಜಿ ಗಿಂಡಿಗೆ ಬಿಸಿನೀರು ಹೊಯ್ದಳು. ಚಹಾದ ಘಮ ಎದ್ದೇಬಿಟ್ಟಿತು! ಮೊಲ ಹಳೆಯ ಸಂಜೆಗಳನ್ನು ನೆನೆದು ಕಣ್ಣೊರೆಸಿಕೊಂಡಿತು.

ಕೊಟ್ಟ ಮಾತು ಕೊಟ್ಟ ಮಾತೇ. ಜಾಜಿ ಮುಚ್ಚಳವನ್ನು ಕೊನೆಯ ಸಲ ಮೂಸಿ ಸಂಪಣ್ಣನ ಕೈಗಿಟ್ಟಳು. ಆಮೇಲೆ ಅಭ್ಯಾಸಬಲದಿಂದ ಗಿಂಡಿಯ ನೀರನ್ನು ನೆಲಕ್ಕೆ ಚೆಲ್ಲಿದಳು.

"ಏ, ಏ! ಚೆಲ್ಲಬೇಡ!" ಎಂದು ಸಂಪಣ್ಣ ಕಿರುಚಿದ.

"ಮೊದಲ ನೀರು ಮಣ್ಣಿಗಲ್ವಾ ಮಾವ? ಅಜ್ಜಿ ಹಾಗೇ ಮಾಡೋಳು."

ಚೆಲ್ಲಿದ ನೀರು ಕಪ್ಪಗಿತ್ತು. ಜಾಜಿ ಎರಡನೇ ನೀರು ಹೊಯ್ದಳು. ಹಬೆ ಎದ್ದಿತು. ಕೋತಿ ಸೀನಿತು. ಮೊಲ ಮೂಗು ಮುಚ್ಚಿಕೊಂಡಿತು.

"ಅದು ಸಂಪಣ್ಣನ ಮೈವಾಸನೆ, ಬಿಡಿ. ಪಕ್ಕದಲ್ಲೇ ಕೂತಿದ್ದಾನಲ್ಲ" ಎಂದಿತು ನರಿ.

ಕೋತಿಗೆ ಅನುಮಾನ. ಗಿಂಡಿಯನ್ನು ಎತ್ತಿಕೊಂಡು ಮರದ ತುದಿಗೇರಿ ಮೂಸಿತು. "ಅಯ್ಯೋ! ಇಲ್ಲೂ ಸಂಪಣ್ಣ ಇದ್ದಾನೆ!" ಎಂದು ಕೂಗಿತು.

ಕೋತಿ ಇಳಿದು ಬಂದೊಡನೆ ಸಂಪಣ್ಣ ಗಿಂಡಿಯನ್ನು ಇಸಿದುಕೊಂಡು ಮೂಸಿ ನೋಡಿದ. ಅವನ ಮೂಗಿಗೆ ಏನೂ ಹತ್ತಲಿಲ್ಲ. "ಯಾವ ವಾಸನೆಯೂ ಇಲ್ಲವಲ್ಲ!" ಎಂದ, ನಿಜಕ್ಕೂ ಬೆರಗಾಗಿ.

"ಎಷ್ಟು ದಿನ ಹೊಟ್ಟೆಗೆ ತಿಕ್ಕಿದೆ ಮಾರಾಯ?" ಎಂದು ನರಿ ಮೆಲ್ಲಗೆ ಕೇಳಿತು.

"ಹೆಚ್ಚೇನಿಲ್ಲ, ಒಂದೇ ಒಂದು ತಿಂಗಳು" ಎಂದುಬಿಟ್ಟ ಸಂಪಣ್ಣ.

ನೂರು ವರ್ಷದ ಗಿಂಡಿಗೆ ಒಂದು ತಿಂಗಳ ವಯಸ್ಸು! ಕಾಡಿಗೆ ಕಾಡೇ ಬಿದ್ದು ಬಿದ್ದು ನಕ್ಕಿತು. ಜಾಜಿ ತನ್ನ ಮುಚ್ಚಳವನ್ನು ಕಿತ್ತುಕೊಂಡಳು. ಆಮೇಲೆ ಸಂಪಣ್ಣನ ಗಿಂಡಿಗಳನ್ನು ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟಲಿಲ್ಲ.

ಚಳಿಗಾಲ ಬಂತು. ವರ್ಷಕ್ಕೊಮ್ಮೆ ಹಿಮದ ಬೆಟ್ಟ ದಾಟಿ ಕೆರೆಗೆ ಬರುವ ಹೆಬ್ಬಾತು ಬಂತು. ಅಜ್ಜಿಗೆ ಗಿಂಡಿ ತಂದುಕೊಟ್ಟಿದ್ದು ಅದರ ಅಪ್ಪ. ಈ ಸಲ ಇದರ ಕತ್ತಿನಲ್ಲೂ ಪುಟ್ಟದೊಂದು ಗಿಂಡಿ ತೂಗುತ್ತಿತ್ತು.

"ಇದು ಹೊಸದು ತಾಯಿ. ಹೊಳಪಿಲ್ಲ, ಘಮವೂ ಇಲ್ಲ. ಅದೆಲ್ಲ ನಿನ್ನ ಕೈಯಿಂದಲೇ ಬರಬೇಕು" ಎಂದಿತು ಹೆಬ್ಬಾತು.

ಜಾಜಿ ಗೆಣಸಿನ ಬುಟ್ಟಿ ಕೊಟ್ಟು ಗಿಂಡಿ ತಗೊಂಡಳು. ಅಜ್ಜಿಯ ಮುಚ್ಚಳ ಅದಕ್ಕೆ ಸರಿಹೊಂದಲಿಲ್ಲ, ಸೊಟ್ಟಗೆ ಕೂತಿತು. ಇರಲಿ ಎಂದು ಹಾಗೇ ಬಿಟ್ಟಳು. ಮೊದಲ ದಿನದ ಚಹಾ ಬರೀ ಮಣ್ಣುಮಣ್ಣು. ಆದರೂ ಎಲ್ಲರೂ ಕುಡಿದರು. ನರಿ "ಪರವಾಗಿಲ್ಲ" ಎಂದು ಮೊಲದ ಪಕ್ಕದಲ್ಲಿ ಬಾಲ ಮಡಚಿಕೊಂಡು ಕೂತಿತು.

ದಿನಾ ಸಂಜೆ ಚಹಾ ಆಯಿತು. ವರ್ಷಗಳು ಕಳೆದವು. ಜಾಜಿಯ ಮುಳ್ಳುಗಳು ನರೆತವು. ಒಂದು ಸಂಜೆ ಚಹಾದ ಎಲೆ ಮುಗಿದುಹೋಗಿತ್ತು. ಬಂದವರನ್ನು ಹಾಗೇ ಕಳಿಸುವುದು ಹೇಗೆ? ಜಾಜಿ ಗಿಂಡಿಗೆ ಬರೀ ಬಿಸಿನೀರು ಹೊಯ್ದಳು. ಮೊದಲ ನೀರನ್ನು ಮಣ್ಣಿಗೆ ಚೆಲ್ಲಿ, ಎರಡನೇದನ್ನು ಕೋತಿಯ ಮರಿಗೆ ಕೊಟ್ಟಳು.

ಮರಿ ಒಂದು ಗುಟುಕು ಕುಡಿದು ಕೇಳಿತು: "ಅಜ್ಜೀ, ಇವತ್ತು ಎಷ್ಟು ಚೆನ್ನಾಗಿದೆ! ಇದು ಯಾವ ಎಲೆ?"

ಜಾಜಿ ಬಾಗಿ ಹಬೆಯನ್ನು ಮೂಸಿದಳು. ಅದೇ ಘಮ. ಅವಳ ಕಣ್ಣು ತುಂಬಿ ಬಂತು.

"ಎಲೆ ಹಾಕೇ ಇಲ್ಲ ಕಂದ" ಎಂದಳು.

ನೀತಿ: ಮೋಸದ ಬಣ್ಣ ಮೊದಲ ನೀರಿಗೇ ಬಿಡುತ್ತದೆ, ನಿಜವಾದ ಘಮ ಬರಬೇಕಾದರೆ ದಿನದಿನವೂ ತಾಳ್ಮೆಯಿಂದ ದುಡಿಯಬೇಕು.